ಸದ್ದಿಲ್ಲದ ಸೆಕ್ಷನ್ನಿನ ಕಿವುಡು

ಕಾರ್ಖಾನೆಗಳಿಗೆ ಕಿವಿ ಪರೀಕ್ಷೆಗೆಂದು ಹೋಗುವ ನಮ್ಮ ವ್ಯಾನಿನೊಳಗೆ ಬೀರುವಿನಂಥ ಒಂದು ಕೋಣೆ ಇದೆ. ಒಳಗೋಡೆಗೆಲ್ಲ ಸ್ಪಂಜು, ದಪ್ಪ ಬಾಗಿಲು, ಅಂಗೈ ಅಗಲದ ಗಾಜು. ಒಬ್ಬರು ಕೂತರೆ ಮೊಣಕಾಲು ಎದುರಿನ ಗೋಡೆಗೆ ತಾಗುತ್ತದೆ. ಹೆಡ್‌ಫೋನ್ ಹಾಕಿ, ಕೈಗೊಂದು ಬಟನ್ ಕೊಟ್ಟು, ‘ಎಷ್ಟೇ ಸಣ್ಣಗೆ ಕೇಳಿದರೂ ಒತ್ತಿಬಿಡಿ’ ಎಂದು ಹೇಳಿ ಬಾಗಿಲು ಹಾಕಿದರೆ ಹತ್ತು ನಿಮಿಷದ ಕೆಲಸ. ದಿನಕ್ಕೆ ಮೂವತ್ತು ನಲವತ್ತು ಜನ. ಸಂಜೆಯಾಗುವಷ್ಟರಲ್ಲಿ ಪರೀಕ್ಷೆ ಮಾಡುವವರ ಕಿವಿಯಲ್ಲೇ ಬೀಪ್ ಬೀಪ್ ಶುರುವಾಗಿರುತ್ತದೆ.

ಹಲವು ವರ್ಷಗಳ ಹಿಂದೆ ಒಂದು ದಿನ ಪೀಣ್ಯದ ಕಡೆ, ಬಿಸ್ಕತ್ತು ಚಿಪ್ಸಿನ ಹೊಳೆಯುವ ಕವರುಗಳನ್ನು ಮುದ್ರಿಸುವ ಒಂದು ಘಟಕದ ಅಂಗಳದಲ್ಲಿ ವ್ಯಾನು ನಿಂತಿತ್ತು. ಇಂಕ್ ಬೆರೆಸುವ ಸೆಕ್ಷನ್ನಿನವರೊಬ್ಬರು ಬಂದರು. ವಯಸ್ಸು ನಲವತ್ತರ ಆಚೀಚೆ. ಫಾರಂ ತುಂಬಿಸುತ್ತ ಕೇಳಿದೆ:

“ಸದ್ದಲ್ಲಿ ಎಷ್ಟು ವರ್ಷ ಕೆಲಸ ಮಾಡಿದೀರ ಅಣ್ಣ?”

“ಸದ್ದೆಲ್ಲಿದೆ ಮೇಡಂ ನಮ್ಮ ಸೆಕ್ಷನ್ನಲ್ಲಿ? ಸದ್ದು ಅಂದ್ರೆ ಆ ಕಡೆ, ಕಟಿಂಗ್‌ನಲ್ಲಿ. ನಮ್ಮದು ಆರಾಮು.”

“ಮನೇಲಿ ಏನಂತಾರೆ?”

“ಕೂಗಿದ್ರೂ ತಿರುಗಲ್ಲ ಅಂತಾಳೆ. ಕೇಳ್ಸುತ್ತೆ ಮೇಡಂ. ಏನಂದ್ಲು ಅಂತ ಗೊತ್ತಾಗಲ್ಲ, ಅಷ್ಟೆ.”

ಆಡಿಯೋಗ್ರಾಮ್ ಬಂತು. ಬಲಗಿವಿಗೆ ಕೆಂಪು ಸೊನ್ನೆಗಳು, ಎಡಗಿವಿಗೆ ನೀಲಿ ಇಂಟು ಗುರುತುಗಳು. ದಪ್ಪ ಸ್ವರಗಳ ಕಡೆ ಎರಡೂ ಗೆರೆಗಳು ಸಮತಟ್ಟಾಗಿ ಬಂದು, 2000 ಹರ್ಟ್ಸ್ ದಾಟುತ್ತಲೇ ಘಾಟಿ ಇಳಿದಂತೆ ಇಳಿದಿದ್ದವು. ಇಂಥ ಕಿವಿಗೆ ಮಾತು ಕೇಳುತ್ತದೆ, ಆದರೆ ಸವೆದ ನಾಣ್ಯದ ಹಾಗೆ. ಸ್ವರಾಕ್ಷರಗಳ ಬಲ ದಪ್ಪ ಧ್ವನಿಯಲ್ಲಿರುವುದರಿಂದ ಅವು ಉಳಿಯುತ್ತವೆ. ಸ, ಶ, ತ, ಕ, ಪ ಇವೆಲ್ಲ ತೆಳು ಧ್ವನಿಗಳು, ಮೊದಲು ಹೋಗುವುದು ಅವೇ. ಕಾಸು, ಪಾಸು, ತಾಸು ಮೂರೂ ಒಂದೇ ಆಗಿಬಿಡುತ್ತವೆ. ಹೆಂಡತಿ ಕೂಗಿದ್ದು ಕೇಳಿ, ಏನೆಂದಳೆಂದು ತಿಳಿಯದೆ ಗಂಡ ಸುಮ್ಮನೆ ತಲೆ ಅಲ್ಲಾಡಿಸುವ ಮನೆಗಳು ನಮ್ಮಲ್ಲಿ ಎಷ್ಟಿವೆಯೋ.

ನಾನು ಕಾರಣದ ಜಾಗದಲ್ಲಿ ‘ಸದ್ದು’ ಎಂದು ಬರೆದು ಸಹಿ ಹಾಕಿದೆ. ಸದ್ದಿಲ್ಲ ಎಂದು ಆ ಮನುಷ್ಯ ಬಾಯಿಬಿಟ್ಟು ಹೇಳಿದ್ದರು. ಅವರು ಎದ್ದು ಹೋದ ಮೇಲೆ ಕೋಣೆಯಲ್ಲಿ ಥಿನ್ನರಿನ ಘಾಟು ಎಷ್ಟು ಗಟ್ಟಿಯಾಗಿ ಕೂತಿತ್ತೆಂದರೆ, ಮುಂದಿನವರನ್ನು ಕೂರಿಸುವ ಮುಂಚೆ ಐದು ನಿಮಿಷ ಬಾಗಿಲು ತೆರೆದಿಡಬೇಕಾಯಿತು. ಆದರೂ ಬರೆದದ್ದು ‘ಸದ್ದು’. ಕಾರ್ಖಾನೆಯ ಕಿವಿ, ಇಳಿದ ಗೆರೆ: ಇನ್ನೇನು ಬರೆಯುವುದು?

ನನ್ನ ಈ ಅವಸರದ ಹಿಂದೆ ಮುನ್ನೂರು ವರ್ಷಗಳ ವಿದ್ಯೆ ಇದೆ. 18ನೇ ಶತಮಾನದ ಆರಂಭದಲ್ಲೇ ಇಟಲಿಯ ವೈದ್ಯ ಬರ್ನಾರ್ಡಿನೋ ರಮಾಜ್ಜಿನಿ ವೆನಿಸ್ಸಿನ ತಾಮ್ರದ ಕೆಲಸದವರ ಕೇರಿಯ ಬಗ್ಗೆ ಬರೆದಿದ್ದ. ದಿನವಿಡೀ ತಾಮ್ರ ಬಡಿಯುವ ಅಲ್ಲಿನ ಜನ ಮೊದಲು ಮಂದಗಿವಿಯವರಾಗಿ, ವಯಸ್ಸಾಗುವಷ್ಟರಲ್ಲಿ ಪೂರ್ತಿ ಕಿವುಡರಾಗುತ್ತಾರೆಂದು ಅವನು ಕಂಡಿದ್ದ. 1886ರಲ್ಲಿ ಗ್ಲಾಸ್ಗೋ ನಗರದ ಕಿವಿ ವೈದ್ಯ ಥಾಮಸ್ ಬಾರ್ ಇದನ್ನು ಲೆಕ್ಕಕ್ಕೆ ತಂದ. ಹಡಗಿನ ಬಾಯ್ಲರುಗಳಿಗೆ ರಿವೆಟ್ ಬಡಿಯುವ 100 ಜನ, ಎರಕದ ಕೆಲಸದ 100 ಜನ, ಅಂಚೆ ಹಂಚುವ 100 ಜನ. ಎಲ್ಲರ ಕಿವಿಯ ಹತ್ತಿರ ಒಂದು ಜೇಬುಗಡಿಯಾರ ಹಿಡಿದು, ಟಿಕ್‌ಟಿಕ್ ಎಷ್ಟು ಅಂಗುಲ ದೂರದವರೆಗೆ ಕೇಳುತ್ತದೆಂದು ಅಳೆದ. ಬಾಯ್ಲರಿನವರಲ್ಲಿ ಒಬ್ಬನಿಗೂ ಸರಿಯಾದ ಕಿವಿ ಇರಲಿಲ್ಲ. ಅಂಚೆಯವರನ್ನು ಪಕ್ಕದಲ್ಲಿಟ್ಟು ಅಳೆದದ್ದು ಬಾರನ ಜಾಣತನ. ‘ವಯಸ್ಸಾಯ್ತು, ಅದಕ್ಕೆ’ ಎಂದು ಮಾಲೀಕರು ತಪ್ಪಿಸಿಕೊಳ್ಳುವ ದಾರಿ ಅಲ್ಲಿಗೆ ಮುಚ್ಚಿತು.

ಆಮೇಲೆ ವಿದ್ಯುತ್ ಆಡಿಯೋಮೀಟರು ಬಂತು, ಡೆಸಿಬೆಲ್ ಬಂತು, 4000 ಹರ್ಟ್ಸ್ ಹತ್ತಿರ ಬೀಳುವ ಗುಂಡಿಯೇ ಸದ್ದಿನ ಹೆಜ್ಜೆಗುರುತು ಎಂಬ ತಿಳಿವಳಿಕೆ ಬಂತು, ಎಂಟು ಗಂಟೆಗೆ ಇಷ್ಟು ಡೆಸಿಬೆಲ್ ಎಂಬ ಕಾನೂನು ಬಂತು. ನಮ್ಮ ದೇಶದಲ್ಲಿ ಆ ಮಿತಿ 90 ಎಂದಾಯಿತು. ಇದೆಲ್ಲ ಒಳ್ಳೆಯದೇ ಆಯಿತು, ಲಕ್ಷಾಂತರ ಕಿವಿಗಳು ಉಳಿದವು. ಆದರೆ ಗಟ್ಟಿಯಾದ ಉತ್ತರಕ್ಕೆ ಒಂದು ದೋಷವಿರುತ್ತದೆ. ಅದು ಕೈಯಲ್ಲಿದ್ದರೆ ಇನ್ನೊಂದು ಪ್ರಶ್ನೆ ಕೇಳಲು ಬಾಯಿ ಬರುವುದಿಲ್ಲ.

ಪ್ರಶ್ನೆ ಎದ್ದದ್ದು ಸ್ವೀಡನ್ನಿನ ಒಂದು ಪಟ್ಟಿಯಿಂದ. ಮರದ ತಿರುಳು ಮತ್ತು ಕಾಗದದ ಉದ್ದಿಮೆಯ 319 ಕೆಲಸಗಾರರ ಕಿವಿಗಳನ್ನು ಬರ್ಗ್‌ಸ್ಟ್ರಾಮ್ ಮತ್ತು ನೈಸ್ಟ್ರಾಮ್ ಎಂಬಿಬ್ಬರು 20 ವರ್ಷಗಳ ಕಾಲ ಹಿಂಬಾಲಿಸಿದ್ದರು. 1986ರಲ್ಲಿ ಫಲಿತಾಂಶ ಪ್ರಕಟಿಸಿದರು. ಗರಗಸ, ತಿರುಳು, ಕಾಗದದ ವಿಭಾಗಗಳಲ್ಲಿ ಸದ್ದು 95ರಿಂದ 100 ಡೆಸಿಬೆಲ್. ರಾಸಾಯನಿಕ ವಿಭಾಗದಲ್ಲಿ 80ರಿಂದ 90 ಅಷ್ಟೆ. ಹತ್ತು ಡೆಸಿಬೆಲ್ ಅಂದರೆ ಸುಮ್ಮನೆ ಹತ್ತರ ವ್ಯತ್ಯಾಸವಲ್ಲ, ಕಿವಿಗೆ ಬಡಿಯುವ ಶಕ್ತಿ ಹತ್ತು ಪಟ್ಟು. ಹಾಗಿದ್ದ ಮೇಲೆ ಗರಗಸದವರ ಕಿವಿ ಹೆಚ್ಚು ಕೆಡಬೇಕು, ರಾಸಾಯನಿಕದವರದು ಉಳಿಯಬೇಕು. ಬಂದ ಲೆಕ್ಕ ತಲೆಕೆಳಗು. ಪರಿಹಾರ ಕೊಡಬೇಕಾದಷ್ಟು ಕಿವಿ ಕೆಟ್ಟವರು ಗದ್ದಲದ ವಿಭಾಗಗಳಲ್ಲಿ ನೂರಕ್ಕೆ 5ರಿಂದ 8. ಸದ್ದು ಕಡಿಮೆಯಿದ್ದ ರಾಸಾಯನಿಕ ವಿಭಾಗದಲ್ಲಿ ನೂರಕ್ಕೆ 23.

ಇಂಥ ಸಾಲನ್ನು ಮೂಲೆಗೆ ತಳ್ಳುವುದು ಬಹಳ ಸುಲಭ. ಅವರು ಕಿವಿಗೆ ಹತ್ತಿ ಇಟ್ಟುಕೊಂಡಿರಲಿಲ್ಲವೇನೋ, ಬಂದೂಕು ಹಿಡಿದು ಬೇಟೆಯಾಡುವ ಚಟವಿತ್ತೇನೋ, ಮನೆತನದಲ್ಲೇ ಕಿವುಡಿತ್ತೇನೋ. ನಾನೇ ಆಗಿದ್ದರೆ ಪೀಣ್ಯದಲ್ಲಿ ಮಾಡಿದ್ದನ್ನೇ ಅಲ್ಲೂ ಮಾಡುತ್ತಿದ್ದೆ. ಈ ಇಬ್ಬರು ಹಾಗೆ ಮಾಡಲಿಲ್ಲ. ಆ ಸಾಲನ್ನು ಇದ್ದ ಹಾಗೇ ಇಟ್ಟು, ಅಲ್ಲಿನ ರಾಸಾಯನಿಕಗಳ ಕಡೆ ಬೆರಳು ತೋರಿಸಿದರು. ಅದಕ್ಕೆ ಎರಡು ವರ್ಷ ಮೊದಲೇ, 1984ರಲ್ಲಿ, ಬ್ಯಾರೆಗಾರ್ಡ್ ಮತ್ತು ಆಕ್ಸೆಲ್ಸನ್ ಎಂಬ ಸ್ವೀಡನ್ನಿನ ಇನ್ನಿಬ್ಬರು ಸದ್ದು ಮತ್ತು ದ್ರಾವಕ ಎರಡೂ ಸೇರಿ ಕಿವಿ ಕೆಡಿಸುತ್ತವೆಯೇ ಎಂಬ ಪ್ರಶ್ನೆಯನ್ನೇ ತಮ್ಮ ಲೇಖನದ ಹೆಸರಾಗಿಟ್ಟಿದ್ದರು. ಪ್ರಶ್ನೆ ಇತ್ತು, ಅನುಮಾನ ಇತ್ತು, ಸಾಕ್ಷಿ ಇರಲಿಲ್ಲ.

ಸಾಕ್ಷಿ ಬೇರೆಲ್ಲೋ ಸಿದ್ಧವಾಗುತ್ತಿತ್ತು, ಅದೂ ಕಿವಿಯ ಗೊಡವೆಯೇ ಇಲ್ಲದವರ ಕೈಯಲ್ಲಿ. ಇಡೀ ಕತೆಯಲ್ಲಿ ನನಗೆ ಅತಿ ಇಷ್ಟದ ಭಾಗ ಇದು. 1980ರ ದಶಕದ ಆರಂಭ. ಅಮೆರಿಕದಲ್ಲಿ ಹುಡುಗರು ಅಂಟು, ಬಣ್ಣ, ಥಿನ್ನರ್ ಮೂಸಿ ಅಮಲೇರಿಸಿಕೊಳ್ಳುವ ಪಿಡುಗು. ಅದರೊಳಗಿನ ಟೊಲುಯೀನ್ ಎಂಬ ದ್ರಾವಕ ಬೆಳೆಯುವ ಮಿದುಳಿಗೆ ಏನು ಮಾಡುತ್ತದೆಂದು ತಿಳಿಯಲು ಪ್ರಯರ್ ಮತ್ತು ಸಂಗಡಿಗರು ಎಳೆಯ ಇಲಿಗಳಿಗೆ ಟೊಲುಯೀನ್ ಆವಿ ಕುಡಿಸುತ್ತಿದ್ದರು. ಪರೀಕ್ಷೆ ಸರಳ. ಪಂಜರದ ನೆಲಕ್ಕೆ ಶಾಕ್ ಬರುವ ಮುಂಚೆ ಒಂದು ಸೂಚನೆ ಸಿಗುತ್ತದೆ. ಸೂಚನೆ ಸಿಕ್ಕ ಕೂಡಲೇ ಇಲಿ ನಡುವಿನ ಕಂಬ ಹತ್ತಬೇಕು. ಸೂಚನೆ ಮೂರು ಬಗೆ: ಒಮ್ಮೆ ಬೆಳಕು, ಒಮ್ಮೆ ಕಾಲಡಿಗೆ ನೋವಾಗದ ಸಣ್ಣ ಕರೆಂಟು, ಒಮ್ಮೆ ಎತ್ತರದ ಒಂದು ಸ್ವರ.

ಟೊಲುಯೀನ್ ಕುಡಿದ ಇಲಿಗಳು ಬೆಳಕು ಕಂಡರೆ ಹತ್ತಿದವು. ಕಾಲು ಜುಮ್ಮೆಂದರೆ ಹತ್ತಿದವು. ಸ್ವರಕ್ಕೆ ಮಾತ್ರ ಸುಮ್ಮನೆ ನಿಂತವು.

ಮಿದುಳು ಮಂಕಾಗಿದ್ದರೆ ಮೂರಕ್ಕೂ ಮಂಕಾಗಬೇಕಿತ್ತು. ಕಲಿತದ್ದು ಮರೆತಿದ್ದರೆ ಕಂಬ ಹತ್ತುವುದನ್ನೇ ಮರೆಯಬೇಕಿತ್ತು. ಇಲಿಗಳಿಗೆ ಬುದ್ಧಿ ಇತ್ತು, ಕಾಲಲ್ಲಿ ಬಲವಿತ್ತು, ಕಿವಿ ಇರಲಿಲ್ಲ. ಸ್ವರ ಬದಲಿಸಿ ಬದಲಿಸಿ ನೋಡಿದಾಗ ಎತ್ತರದ ಸ್ವರಗಳೇ ಹೋಗಿದ್ದವು ಎಂದು ತಿಳಿಯಿತು. 1983ರಲ್ಲಿ ಬಂದ ಅವರ ವರದಿಯ ಹೆಸರಿನಲ್ಲಿ ಮಿದುಳಿನ ತೊಂದರೆ ತಾತ್ಕಾಲಿಕ, ಎತ್ತರದ ಸ್ವರಗಳ ಕಿವುಡು ಅದರ ಪಕ್ಕದಲ್ಲೇ. ಮಿದುಳು ಹುಡುಕಲು ಹೋದವರಿಗೆ ಕಿವಿ ಸಿಕ್ಕಿತ್ತು. 1988ರಲ್ಲಿ ಸ್ವೀಡನ್ನಿನ ಆನ್-ಕ್ರಿಸ್ಟಿನ್ ಜಾನ್ಸನ್ ಮತ್ತು ಜೊತೆಗಾರರು ಇಲಿಗಳಿಗೆ ಮೊದಲು ಟೊಲುಯೀನ್, ಬೆನ್ನಿಗೇ ಸದ್ದು ಕೊಟ್ಟು ನೋಡಿದರು. ಆದ ಹಾನಿ ಎರಡರ ಮೊತ್ತಕ್ಕಿಂತ ಹೆಚ್ಚಿತ್ತು.

ಆದರೂ ಇಲಿ ಇಲಿಯೇ. ಇಲಿಗೆ ಕೊಟ್ಟಷ್ಟು ಪ್ರಮಾಣದ ಆವಿಯಲ್ಲಿ ಯಾವ ಕೆಲಸಗಾರನೂ ನಿಲ್ಲುವುದಿಲ್ಲ. ಮನುಷ್ಯರ ಕಿವಿಯಲ್ಲಿ ಇದು ನಿಜವೇ? ಇದನ್ನು ಹಟ ಹಿಡಿದು ಹುಡುಕಿದ್ದು ಬ್ರೆಜಿಲ್ಲಿನ ಒಬ್ಬ ಆಡಿಯಾಲಜಿಸ್ಟ್, ತಾಯಿಸ್ ಮೊರಾಟಾ. ನಮ್ಮ ವೃತ್ತಿಯಲ್ಲಿ ಹೆಚ್ಚಿನವರು ಆಸ್ಪತ್ರೆಯಲ್ಲಿ ಮಕ್ಕಳ ಕಿವಿ, ಮುದುಕರ ಕಿವಿ, ಹಿಯರಿಂಗ್ ಏಡ್ ಎಂದು ನೆಲೆಯಾಗುತ್ತೇವೆ. ಕಾರ್ಖಾನೆ ಎಂದರೆ ವರ್ಷಕ್ಕೊಮ್ಮೆಯ ಕ್ಯಾಂಪು, ಬೇಗ ಮುಗಿಸಿ ಹೊರಡುವ ಕೆಲಸ. ಮೊರಾಟಾ ಇಡೀ ವೃತ್ತಿಬದುಕನ್ನೇ ಕಾರ್ಖಾನೆಯ ಕಿವಿಗೆ ಕೊಟ್ಟರು.

ಅವರು ಮೊದಲು ಹೋದದ್ದು ಒಂದು ರೇಯಾನ್ ಕಾರ್ಖಾನೆಗೆ. ನಮ್ಮ ಅಂಗಡಿಗಳಲ್ಲಿ ‘ಆರ್ಟ್ ಸಿಲ್ಕ್’ ಎಂದು ಮಾರುವ ಸೀರೆಯ ನೂಲು ಇದೇ. ಹರಿಹರದ ಕಡೆಯವರಿಗಂತೂ ವಿಸ್ಕೋಸ್ ಎಂಬ ಹೆಸರು ಹೊಸದಲ್ಲ. ಮರದ ತಿರುಳನ್ನು ಕರಗಿಸಿ ನೂಲಾಗಿ ಎಳೆಯಲು ಕಾರ್ಬನ್ ಡೈಸಲ್ಫೈಡ್ ಬೇಕು. ಅದು ನರಕ್ಕೆ, ಮನಸ್ಸಿಗೆ ವಿಷ ಎಂಬುದು 19ನೇ ಶತಮಾನದಲ್ಲೇ ಫ್ರಾನ್ಸಿನ ರಬ್ಬರ್ ಕೆಲಸಗಾರರಿಂದ ಗೊತ್ತಿತ್ತು. ನರ ಕೆಡಿಸುವುದು ಕಿವಿಯ ನರವನ್ನು ಬಿಟ್ಟೀತೇ? ಈ ಕಾರ್ಖಾನೆಯಲ್ಲಿ ಸದ್ದು 90ರ ಗೆರೆಯ ಕೆಳಗೇ ಇತ್ತು. ಕಾನೂನಿನ ಕಣ್ಣಿಗೆ ಎಲ್ಲವೂ ಸರಿ. ಕಿವಿಗಳು ಮಾತ್ರ ಅಷ್ಟು ಸದ್ದಿಗೆ ಕೆಡಬೇಕಾದ್ದಕ್ಕಿಂತ ಹೆಚ್ಚು ಕೆಟ್ಟಿದ್ದವು. 1989ರಲ್ಲಿ ಅದು ಪ್ರಕಟವಾಯಿತು.

ಮುಂದೆ ಮೊರಾಟಾ ಅಮೆರಿಕದ ಸಿನ್ಸಿನಾಟಿಗೆ ಹೋಗಿ ಪಿಎಚ್‌.ಡಿ. ಮಾಡಿದರು. ಅಲ್ಲಿನ ಸರ್ಕಾರದ ಔದ್ಯೋಗಿಕ ಆರೋಗ್ಯ ಸಂಶೋಧನಾ ಸಂಸ್ಥೆಯಾದ ನಿಯೋಶ್‌ನಲ್ಲಿ ಸಂಶೋಧಕಿಯಾಗಿ ನೆಲೆ ನಿಂತರು. ಅಧ್ಯಯನಕ್ಕೆ ಜನ ಬ್ರೆಜಿಲ್ಲಿನವರೇ. 1993ರ ಅವರ ಅಧ್ಯಯನ ಈ ಕತೆಯ ತಿರುವು. ಮುದ್ರಣ ಮತ್ತು ಬಣ್ಣ ತಯಾರಿಕೆಯ 190 ಕೆಲಸಗಾರರು, ನಾಲ್ಕು ಗುಂಪು: ಸದ್ದೂ ಇಲ್ಲ ದ್ರಾವಕವೂ ಇಲ್ಲದವರು, ಬರೀ ಸದ್ದಿನವರು, ಸದ್ದಿನ ಜೊತೆಗೆ ಟೊಲುಯೀನ್ ಇದ್ದವರು, ಹೆಚ್ಚು ಸದ್ದಿಲ್ಲದೆ ದ್ರಾವಕಗಳ ಮಿಶ್ರಣದಲ್ಲೇ ಕೆಲಸ ಮಾಡುವವರು. ಬಾರನ ಅಂಚೆಯವರು ಇಲ್ಲಿ ಬೇರೆ ವೇಷದಲ್ಲಿ ಬಂದಿದ್ದರು ಎನ್ನಿ.

ಏನೂ ಇಲ್ಲದವರ ಕಿವಿ ಕೆಡುವ ಸಂಭವವನ್ನು 1 ಎಂದಿಟ್ಟುಕೊಂಡರೆ ಬರೀ ಸದ್ದಿನವರದು ಸುಮಾರು 4 ಪಟ್ಟು. ಅದು ನಿರೀಕ್ಷಿತ. ಬರೀ ದ್ರಾವಕದವರದು 5 ಪಟ್ಟು. ಸದ್ದು ಮತ್ತು ಟೊಲುಯೀನ್ ಎರಡೂ ಇದ್ದವರದು ಸುಮಾರು 11 ಪಟ್ಟು.

ಆ 5ನ್ನು ಮತ್ತೊಮ್ಮೆ ನೋಡಿ. ನಾನು ಈ ಅಂಕಿ ಓದಿದಾಗ ಪೀಣ್ಯದ ಆ ಮಧ್ಯಾಹ್ನ ನೆನಪಾಗಿ ಕೆನ್ನೆ ಬಿಸಿಯಾಯಿತು. ಸದ್ದಿಲ್ಲದ ಸೆಕ್ಷನ್ನಿನಲ್ಲಿ ಕೂತು ಬಣ್ಣ ಬೆರೆಸುವವರ ಕಿವಿ ಸದ್ದಿನಲ್ಲಿ ನಿಂತವರ ಕಿವಿಗಿಂತ ಸುಖವಾಗಿರಲಿಲ್ಲ.

ಇನ್ನೊಂದು ವಿಷಯವೂ ಅದೇ ಅಧ್ಯಯನದಲ್ಲಿ ಹೊರಬಿತ್ತು. ಆಡಿಯೋಗ್ರಾಮಿನ ಗೆರೆ ಇಳಿದಿದೆ ಎನ್ನುತ್ತದೆ, ಇಳಿಸಿದವರು ಯಾರು ಎನ್ನುವುದಿಲ್ಲ. ಮೊರಾಟಾ ಇನ್ನೊಂದು ಪರೀಕ್ಷೆಯನ್ನೂ ಸೇರಿಸಿದ್ದರು. ಜೋರು ಸದ್ದು ಕೇಳಿದಾಗ ನಡುಗಿವಿಯಲ್ಲಿ ಒಂದು ಪುಟ್ಟ ಸ್ನಾಯು ತಾನಾಗಿ ಬಿಗಿಯುತ್ತದೆ. ಸದ್ದು ನಿಲ್ಲುವವರೆಗೆ ಆ ಬಿಗಿತ ನಿಲ್ಲುತ್ತದೆಯೋ, ನಡುವೆಯೇ ಸಡಿಲಾಗುತ್ತದೆಯೋ ಎಂದು ನೋಡುವ ಪರೀಕ್ಷೆ ಅದು. ಕೆಲವು ಕೆಲಸಗಳವರಲ್ಲಿ ಅದು ಸಡಿಲಾಗುತ್ತಿತ್ತು. ಅಂದರೆ ತೊಂದರೆ ಒಳಗಿವಿಯಲ್ಲಿ ಮಾತ್ರವಲ್ಲ, ಅದರಾಚೆ ಮಿದುಳಿಗೆ ಹೋಗುವ ದಾರಿಯಲ್ಲೂ ಇತ್ತು. ‘ಕೇಳ್ಸುತ್ತೆ, ಏನಂದ್ಲು ಗೊತ್ತಾಗಲ್ಲ’ ಎಂಬ ಮಾತಿನ ಅರ್ಥ ಎರಡು ಪಟ್ಟಾಯಿತು.

ಇಷ್ಟಾದರೂ ಒಂದು ಆಕ್ಷೇಪ ಉಳಿದಿತ್ತು. ಯಾರು ಎಷ್ಟು ಟೊಲುಯೀನ್ ಉಸಿರಾಡಿದರೆಂದು ಹೇಗೆ ಗೊತ್ತು? ಗಾಳಿಯಲ್ಲಿ ಅಳೆದದ್ದು ಮೈಯೊಳಗೆ ಹೋದದ್ದಲ್ಲ. ಒಬ್ಬ ಯಂತ್ರಕ್ಕೆ ಬಗ್ಗಿ ಕೆಲಸ ಮಾಡುತ್ತಾನೆ, ಇನ್ನೊಬ್ಬ ಕಿಟಕಿ ಪಕ್ಕ ನಿಲ್ಲುತ್ತಾನೆ, ಮತ್ತೊಬ್ಬ ಊಟಕ್ಕೆ ಮುಂಚೆ ಥಿನ್ನರಿನಲ್ಲೇ ಕೈ ತೊಳೆಯುತ್ತಾನೆ. ನಮ್ಮ ಗ್ಯಾರೇಜುಗಳಲ್ಲಿ, ಬಾಡಿ ಪೇಂಟಿಂಗ್ ಶೆಡ್ಡುಗಳಲ್ಲಿ ದಿನಾ ಕಾಣುವ ನೋಟ ಇದು. ಒಂದು ಚಿಂದಿಗೆ ಥಿನ್ನರ್ ಸುರಿದು ಮೊಣಕೈವರೆಗೂ ಉಜ್ಜುತ್ತಾರೆ. ಬಣ್ಣ ಹೋಗುತ್ತದೆ, ಚರ್ಮ ಬೂದಿ ಬಳಿದಂತೆ ಬಿಳಿಚುತ್ತದೆ, ಒಂದಿಷ್ಟು ಥಿನ್ನರ್ ಚರ್ಮದ ಮೂಲಕ ಒಳಗೂ ಹೋಗುತ್ತದೆ.

ಉತ್ತರ ಮೂತ್ರದಲ್ಲಿತ್ತು. ಟೊಲುಯೀನನ್ನು ದೇಹ ಹಿಪ್ಯೂರಿಕ್ ಆಮ್ಲವಾಗಿ ಬದಲಿಸಿ ಹೊರಹಾಕುತ್ತದೆ. ಹೆಸರೇ ಗ್ರೀಕಿನಲ್ಲಿ ಕುದುರೆಯ ಮೂತ್ರ ಎಂದು, ಮೊದಲು ಸಿಕ್ಕಿದ್ದು ಅಲ್ಲಿ. ಮೊರಾಟಾ ಮತ್ತು ಬ್ರೆಜಿಲ್ಲಿನ ಜೊತೆಗಾರರು 124 ಗ್ರೇವ್ಯೂರ್ ಮುದ್ರಣ ಕೆಲಸಗಾರರ ಕಿವಿಯನ್ನೂ ಮೂತ್ರವನ್ನೂ ಒಟ್ಟಿಗೆ ನೋಡಿದರು. ಗ್ರೇವ್ಯೂರ್ ಎಂದರೆ ತಾಮ್ರದ ಉರುಳೆಯಲ್ಲಿ ಕೊರೆದ ಸಣ್ಣ ಕುಳಿಗಳಿಂದ ತೆಳು ಇಂಕು ಎತ್ತಿ ಮುದ್ರಿಸುವ ವಿಧಾನ. ಇಂಕು ಕ್ಷಣದಲ್ಲಿ ಒಣಗಬೇಕು, ಅದಕ್ಕೇ ಟೊಲುಯೀನ್. ಒಣಗುವುದು ಎಂದರೆ ಗಾಳಿಗೆ ಹೋಗುವುದು, ಗಾಳಿ ಎಂದರೆ ಪಕ್ಕದಲ್ಲಿ ನಿಂತವನ ಎದೆ.

1997ರಲ್ಲಿ ಫಲಿತಾಂಶ ಬಂತು. 124 ಜನರಲ್ಲಿ ನೂರಕ್ಕೆ 49ರಷ್ಟು ಮಂದಿಯ ಕಿವಿ ಕೆಟ್ಟಿತ್ತು. ಹಲವಾರು ಅಂಶಗಳನ್ನು ಲೆಕ್ಕಕ್ಕೆ ಹಾಕಿ ಜರಡಿ ಹಿಡಿದಾಗ ಕೊನೆಗೆ ಜರಡಿಯಲ್ಲಿ ಉಳಿದದ್ದು ಎರಡೇ: ವಯಸ್ಸು ಮತ್ತು ಮೂತ್ರದಲ್ಲಿನ ಹಿಪ್ಯೂರಿಕ್ ಆಮ್ಲ. ಸದ್ದು ಜರಡಿಯಿಂದ ಜಾರಿ ಹೋಗಿತ್ತು. ಮೂತ್ರದಲ್ಲಿ ಆ ಆಮ್ಲ ಏರಿದಂತೆಲ್ಲ ಕಿವಿ ಕೆಟ್ಟಿರುವ ಸಂಭವವೂ ಏರುತ್ತ ಹೋಗಿತ್ತು. ಕಿವಿಯ ಗುಟ್ಟು ಮೂತ್ರದ ಬಾಟಲಿಯಲ್ಲಿ! ಒಂದು ಎಚ್ಚರಿಕೆಯನ್ನೂ ಹೇಳಬೇಕು. ಬಾಟಲಿ ಉಪ್ಪಿನಕಾಯಿ, ಸಾಸ್‌ಗಳಲ್ಲಿ ಕೆಡದಂತೆ ಹಾಕುವ ಬೆಂಜೋಯೇಟ್ ಕೂಡ ದೇಹದಲ್ಲಿ ಇದೇ ಆಮ್ಲವಾಗುತ್ತದೆ. ಆದ್ದರಿಂದ ಒಬ್ಬನ ಒಂದು ಬಾಟಲಿ ನೋಡಿ ತೀರ್ಪು ಕೊಡಲಾಗದು, ಗುಂಪಿನ ಲೆಕ್ಕವೇ ಬೇಕು.

ಇನ್ನು, ದ್ರಾವಕ ಕಿವಿಯೊಳಗೆ ಹೋಗುವುದು ಹೇಗೆ? ಇದನ್ನು ಬಿಡಿಸಿದವರು ಫ್ರಾನ್ಸಿನ ನ್ಯಾನ್ಸಿ ನಗರದ ಬಳಿಯ ಔದ್ಯೋಗಿಕ ಸುರಕ್ಷತಾ ಸಂಸ್ಥೆಯ ಪಿಯರ್ ಕಾಂಪೋ ಮತ್ತು ಅವರ ತಂಡ. ಒಳಗಿವಿಯ ಶಂಖದಲ್ಲಿ ರೋಮಕೋಶಗಳ ಸಾಲುಗಳಿವೆ: ಒಳಗೆ ಒಂದು ಸಾಲು, ಹೊರಗೆ ಮೂರು. ಹೊರಸಾಲಿನವು ಸದ್ದನ್ನು ಹಿಗ್ಗಿಸಿ ಒಳಸಾಲಿಗೆ ಒಪ್ಪಿಸುತ್ತವೆ. ಒಂದು ಕಿವಿಯಲ್ಲಿ ಹೊರಸಾಲಿನವು ಸುಮಾರು 12,000. ಸತ್ತರೆ ಮತ್ತೆ ಹುಟ್ಟುವುದಿಲ್ಲ. ಸದ್ದಿಗೆ ಸಾಮಾನ್ಯವಾಗಿ ಮೊದಲ ಸಾಲು ಮೊದಲು ಬಲಿ. ಟೊಲುಯೀನ್ ಅಥವಾ ಸ್ಟೈರೀನ್ ಎಂಬ ಇನ್ನೊಂದು ದ್ರಾವಕ ಕುಡಿದ ಇಲಿಗಳ ಶಂಖ ಬಿಚ್ಚಿ ನೋಡಿದರೆ ತದ್ವಿರುದ್ಧ. ಮೊದಲು ಬಿದ್ದದ್ದು ಮೂರನೇ ಸಾಲು, ಆಮೇಲೆ ಎರಡನೆಯದು, ಕೊನೆಗೆ ಮೊದಲನೆಯದು. ಕಳ್ಳ ಹಿತ್ತಲ ಬಾಗಿಲಿನಿಂದ ಬಂದಿದ್ದ. ಒಳಗಿವಿಯ ದ್ರವದಲ್ಲಿ ದ್ರಾವಕ ಇರಲಿಲ್ಲವೆನ್ನುವಷ್ಟು ಕಡಿಮೆ. ಅಂಗಾಂಶದಲ್ಲೇ ಇತ್ತು. ಶ್ವಾಸಕೋಶದಿಂದ ರಕ್ತ, ರಕ್ತದಿಂದ ಶಂಖದ ಹೊರಗೋಡೆಯ ಕೊಬ್ಬುಳ್ಳ ಕೋಶಗಳು, ಅಲ್ಲಿಂದ ಕೋಶಕೋಶ ದಾಟಿ ಮೂರನೇ ಸಾಲಿನ ಬುಡಕ್ಕೆ.

ಇಷ್ಟು ಗೊತ್ತಾದರೆ ಇಯರ್ ಪ್ಲಗ್ಗಿನ ಕತೆ ಮುಗಿಯಿತು. ಎರಡೂ ಕಿವಿಗೆ ಬಿರಡೆ ಹಾಕಿ ಕೂತರೂ ಇದು ಮೂಗಿನಿಂದ ಬರುತ್ತದೆ.

ಫ್ರಾನ್ಸಿನವರು ದ್ರಾವಕದ ಇನ್ನೊಂದು ಕುತಂತ್ರವನ್ನೂ ಬಯಲಿಗೆಳೆದರು. ಜೋರು ಸದ್ದಿಗೆ ಬಿಗಿಯುವ ನಡುಗಿವಿಯ ಆ ಪುಟ್ಟ ಸ್ನಾಯು ನೆನಪಿದೆಯಲ್ಲ? ಅದು ಕಿವಿಯ ಕಾವಲುಗಾರ. ಬಿಗಿದು ನಿಂತರೆ ದಪ್ಪ ಸದ್ದುಗಳ ಪೆಟ್ಟು ಸ್ವಲ್ಪ ತಗ್ಗುತ್ತದೆ. ಟೊಲುಯೀನ್ ಮಿದುಳಿನ ಮಟ್ಟದಲ್ಲೇ ಈ ಬಿಗಿತವನ್ನು ಮಂಕು ಮಾಡುತ್ತದೆ. ಕಾವಲು ನಾಯಿಗೆ ಮತ್ತಿನ ರೊಟ್ಟಿ ಎಸೆದು ಮನೆ ಒಡೆಯುವ ಹಾಗೆ. ಸದ್ದು ಅಷ್ಟೇ ಇದ್ದರೂ ಒಳಗೆ ಹೋಗುವ ಪಾಲು ಹೆಚ್ಚು. 4 ಮತ್ತು 5 ಸೇರಿ 11 ಹೇಗಾಯಿತು ಎಂಬುದಕ್ಕೆ ಇದೊಂದು ತುಣುಕು ಉತ್ತರ.

ಈ ಜಾಗದಲ್ಲಿ ಗಿನಿ ಹಂದಿಯ ಮಾತು ಹೇಳದೆ ಮುಂದೆ ಹೋಗಲಾರೆ. ಕಿವಿಯ ಪ್ರಯೋಗಶಾಲೆಗಳಿಗೆ ಗಿನಿ ಹಂದಿ ಅಚ್ಚುಮೆಚ್ಚು. ಅದರ ಶಂಖ ದೊಡ್ಡದು, ಸುಲಭವಾಗಿ ಕೈಗೆ ಸಿಗುತ್ತದೆ. ಆದರೆ ಟೊಲುಯೀನ್, ಸ್ಟೈರೀನ್‌ಗಳಿಗೆ ಗಿನಿ ಹಂದಿಯ ಕಿವಿ ಜಗ್ಗುವುದಿಲ್ಲ. ಅದೇ ಪ್ರಮಾಣಕ್ಕೆ ಇಲಿಯ ಕಿವಿ ಹೋಗುತ್ತದೆ, ಇದರದು ಉಳಿಯುತ್ತದೆ. ಪ್ರಯರ್ ಮತ್ತು ಸಂಗಡಿಗರು ಅಂಟು ಮೂಸುವ ಹುಡುಗರ ಚಿಂತೆಯಲ್ಲಿ ಇಲಿಯ ಬದಲು ಗಿನಿ ಹಂದಿ ಹಿಡಿದಿದ್ದರೆ? ಸ್ವೀಡನ್ನಿನ ಆ ಸಾಲು ಇನ್ನೆಷ್ಟು ವರ್ಷ ಒಂಟಿಯಾಗಿ ನಿಂತಿರುತ್ತಿತ್ತೋ.

ಎಲ್ಲರೂ ಒಪ್ಪಿದರೆಂದಲ್ಲ. ಜರ್ಮನಿಯ ಗ್ರೇವ್ಯೂರ್ ಮುದ್ರಣಾಲಯಗಳಲ್ಲಿ ಹಲವು ವರ್ಷ ನಡೆದ ಅಧ್ಯಯನದಲ್ಲಿ ಟೊಲುಯೀನ್ ಹತ್ತು ಲಕ್ಷ ಭಾಗ ಗಾಳಿಗೆ 50 ಭಾಗಕ್ಕಿಂತ ಕಡಿಮೆಯಿದ್ದಲ್ಲಿ ಕಿವಿಗೆ ತೊಂದರೆ ಕಾಣಲಿಲ್ಲ. ಬ್ರೆಜಿಲ್ಲಿನ 1993ರ ಗುಂಪಿನವರು ಉಸಿರಾಡುತ್ತಿದ್ದದ್ದು 100ರಿಂದ 300ಕ್ಕೂ ಮೀರಿದ ಗಾಳಿ. ಈ ಎರಡಕ್ಕೂ ಜಗಳವಿಲ್ಲ ಎಂದು ನನಗನಿಸುತ್ತದೆ. ಒಳ್ಳೆಯ ಎಕ್ಸಾಸ್ಟ್ ಫ್ಯಾನಿದ್ದರೆ ಕಿವಿ ಉಳಿಯುತ್ತದೆ ಎಂದು ಜರ್ಮನಿಯವರು ತೋರಿಸಿದ ಹಾಗಾಯಿತು. ಸ್ಟೈರೀನಿನದು ಬೇರೆ ಕತೆ. ಫೈಬರ್ ಕೆಲಸದವರು ರಾಳಕ್ಕೆ ಬಳಸುವ ವಸ್ತು ಇದು. ಸ್ವೀಡನ್ನಿನಲ್ಲಿ ಮೊರಾಟಾ ಮತ್ತು ಜಾನ್ಸನ್ ಸೇರಿ ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಡಿಮೆ ಪ್ರಮಾಣದ ಸ್ಟೈರೀನಿಗೂ ಕಿವಿಗಳು ಸೋತಿದ್ದವು.

ಕಾನೂನುಗಳು ತಮ್ಮ ಎಂದಿನ ನಡಿಗೆಯಲ್ಲಿ ಬಂದವು. ಸದ್ದಿನ ಅಪಾಯ ಅಳೆಯುವಾಗ ಅಲ್ಲಿ ಕಿವಿಗೆ ವಿಷವಾಗುವ ವಸ್ತುಗಳಿವೆಯೇ ಎಂದೂ ನೋಡಬೇಕೆಂದು 2003ರಲ್ಲಿ ಯುರೋಪಿನ ಒಕ್ಕೂಟ ಮಾಲೀಕರಿಗೆ ಹೇಳಿತು. ಅಮೆರಿಕದಲ್ಲಿ 2018ರಲ್ಲಿ ಎಚ್ಚರಿಕೆಯ ಪ್ರಕಟಣೆ ಹೊರಟಿತು. ನಾವೆಲ್ಲ ಓದಿ ಪಾಸಾದ 1948ರ ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಸದ್ದಿನ ಕಿವುಡೂ ಇತ್ತು, ಕಾರ್ಬನ್ ಡೈಸಲ್ಫೈಡ್ ವಿಷವೂ ಇತ್ತು. ಒಂದೇ ಪಟ್ಟಿ, ಬೇರೆ ಬೇರೆ ಸಾಲು, ಎರಡನ್ನೂ ಜೋಡಿಸುವ ಗೆರೆ ಎಳೆದಿರಲಿಲ್ಲ.

ನನ್ನ ಫಾರಂ ಈಗ ಬದಲಾಗಿದೆ. ಮುದ್ರಿಸಿದ್ದಲ್ಲ, ಪೆನ್ನಿನಲ್ಲಿ ಸೇರಿಸಿದ್ದು. ‘ಸದ್ದಿನಲ್ಲಿ ಎಷ್ಟು ವರ್ಷ’ ಎಂಬುದರ ಕೆಳಗೆ ‘ಯಾವ ವಾಸನೆ? ಕೈ ಯಾವುದರಲ್ಲಿ ತೊಳೆಯುತ್ತೀರಿ?’ ಎಂದು ಎರಡು ಸಾಲು. ಕಳೆದ ತಿಂಗಳು ಒಂದು ಫೈಬರ್ ಶೆಡ್ಡಿನ ಮುಂದೆ ವ್ಯಾನು ನಿಂತಿತ್ತು. ಗೇಟು ದಾಟುವಾಗಲೇ ಕಣ್ಣು ಉರಿಯುವಷ್ಟು ಘಾಟು. ಮೊದಲು ಬಂದ ಹುಡುಗನಿಗೆ ಇಪ್ಪತ್ತೆರಡು ಇಪ್ಪತ್ತಮೂರು ಇರಬಹುದು. ರಾಳ ಬಳಿಯುವ ಕೆಲಸ, ನಾಲ್ಕು ವರ್ಷದಿಂದ.

“ಕೆಲಸದ ಜಾಗದಲ್ಲಿ ಏನು ವಾಸನೆ ಬರುತ್ತಪ್ಪ?”

ಅವನು ಸ್ವಲ್ಪ ಹೊತ್ತು ಯೋಚಿಸಿದ. ಶೆಡ್ಡಿನ ಕಡೆ ತಿರುಗಿ ಮೂಗೆಳೆದು ನೋಡಿದ.

“ವಾಸನೆನಾ? ಏನೂ ಬರಲ್ವಲ್ಲ ಮೇಡಂ. ಮೊದಮೊದಲು ಬರ್ತಿತ್ತು.”